ತಿರಕಪ್ಪ ದಲ್ಲಾಳಿಯ ನೋವಿನ ವ್ಯಾಪಾರ

ಅಗಡಿಯ ತಿರಕಪ್ಪನಿಗೆ ನೋವು ಎಂಬುದೇ ಇಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಾಗದೆ ಏನು, ಬಂದವರಿಗೆಲ್ಲ ಅವನೇ ಹೇಳಿ ಕಳಿಸುತ್ತಿದ್ದ. ಕ್ಯಾನ್ಸರ್ ಇರುವುದು ನಿಜ. ಅದು ಮೂತ್ರಚೀಲದ ಬುಡದಿಂದ ಹಬ್ಬಿ ಬೆನ್ನೆಲುಬಿಗೆ ಹತ್ತಿದೆ ಎಂದು ಹುಬ್ಬಳ್ಳಿಯ ಡಾಕ್ಟರರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದ್ದೂ ನಿಜ. ಇನ್ನು ಕೊಯ್ಯುವುದು ಗಿಯ್ಯುವುದು ಬೇಡ, ಮನೆಯಲ್ಲಿ ಆರಾಮವಾಗಿ ಇಟ್ಟುಕೊಳ್ಳಿ ಎಂದು ಅವರು ಹೇಳಿದ್ದರು. ತಿರಕಪ್ಪ ಆ ಮಾತನ್ನು ಸರಕಾರಿ ಆಜ್ಞೆಯೆಂಬಂತೆ ಪಾಲಿಸಿದ. ಯಾರು ಕೇಳಿದರೂ ಆರಾಮ. ಅಷ್ಟು ದೊಡ್ಡ ರೋಗ ಮೈಯೊಳಗೆ ಸಂಸಾರ ಹೂಡಿ ಕೂತಿದ್ದರೂ ತಿರಕಪ್ಪನ ಮರ್ಯಾದೆಗೆ ಅಂಜಿ ತೆಪ್ಪಗಿದೆ ಎಂದು ನಂಬುವವರು ನಂಬಿದರು. ನಂಬದವಳು ಅವನ ಹೆಂಡತಿ ಭರಮವ್ವ ಒಬ್ಬಳೇ.

ಅವಳು ನಂಬದಿರುವುದಕ್ಕೆ ಕಾರಣಗಳು ಕಣ್ಣ ಮುಂದೆಯೇ ಇದ್ದವು. ಮಗ್ಗುಲು ಬದಲಿಸುವಾಗ ಗಂಡ ಮಂಚದ ಕಬ್ಬಿಣದ ಪಟ್ಟಿಯನ್ನು ಹಿಡಿದ ಹಿಡಿತಕ್ಕೆ ಬೆರಳ ಗೆಣ್ಣುಗಳು ಬೆಳ್ಳಗಾಗುತ್ತಿದ್ದವು. ಚಳಿಯ ದಿನಗಳಲ್ಲೂ ಹಣೆಯ ಮೇಲೆ ಬೆವರು. ಹೊದ್ದ ಕೌದಿಯ ಒಂದು ಮೂಲೆ ಹಲ್ಲಿನ ಗುರುತು ಬಿದ್ದು ಬಿದ್ದು ನೂಲು ಬಿಟ್ಟಿತ್ತು. ಅದನ್ನು ಇಲಿ ಕಡಿದಿದೆ ಎಂದು ತಿರಕಪ್ಪ ಹೇಳಿದ. ಮನುಷ್ಯ ಮಲಗಿರುವಾಗಲೇ ಬಂದು, ಅವನನ್ನು ಬಿಟ್ಟು, ಬಾಯಿಯ ಹತ್ತಿರ ಬರುವ ಕೌದಿಯ ಮೂಲೆಯನ್ನಷ್ಟೇ ಕಡಿದು ಹೋಗುವ ಸಭ್ಯ ಇಲಿ ಇಡೀ ಹಾವೇರಿ ತಾಲೂಕಿನಲ್ಲಿ ಅವರ ಮನೆಯಲ್ಲಿ ಮಾತ್ರ ಇತ್ತು.

ತಿರಕಪ್ಪ ಕಸುಬಿನಿಂದ ದನದ ದಲ್ಲಾಳಿ. ಹಾವೇರಿ ಸಂತೆ, ರಾಣೇಬೆನ್ನೂರು ಸಂತೆ, ಹೊಳೆಸಾಲಿನಲ್ಲಿ ಐರಣಿಯ ಕಡೆಯ ರೈತರ ಅಂಗಳ, ಎಲ್ಲಿ ಒಂದು ಜೋಡಿ ಎತ್ತು ಕೈ ಬದಲಿಸುತ್ತದೋ ಅಲ್ಲಿ ಅವನ ಬಿಳಿ ರುಮಾಲು ಕಾಣಬೇಕು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರೂ ಕೈ ಮುಂದೆ ಮಾಡುತ್ತಾರೆ, ಮೇಲೊಂದು ಟವೆಲ್ಲು ಬೀಳುತ್ತದೆ, ಅದರ ಕೆಳಗೆ ಬೆರಳುಗಳು ಮಾತಾಡುತ್ತವೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಮೇಲೆ ಬಾಯಿಗಳು ಮಳೆಯ ಮಾತು, ಮೇವಿನ ಮಾತು ಆಡುತ್ತಿರುತ್ತವೆ. ಸುತ್ತ ನಿಂತವರು ಬೇರೆ ಕಡೆ ನೋಡಬೇಕು, ಅದು ಮರ್ಯಾದೆ. ಟವೆಲ್ಲಿನ ಕೆಳಗೆ ನಡೆದದ್ದನ್ನು ಬಾಯಿಗೆ ತಂದವನನ್ನು ಸಂತೆಯಲ್ಲಿ ಯಾರೂ ಮತ್ತೆ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಈ ವಿದ್ಯೆಯಲ್ಲಿ ತಿರಕಪ್ಪನ ಮುಖಕ್ಕೆ ದೊಡ್ಡ ಹೆಸರಿತ್ತು. ಆ ಮುಖ ನೋಡಿ ಒಳಗೇನಿದೆ ಎಂದು ಹೇಳಿದವರಿಲ್ಲ. ಒಮ್ಮೆ ರಾಣೇಬೆನ್ನೂರಿನಲ್ಲಿ ವ್ಯಾಪಾರ ಕುದುರುವ ಹೊತ್ತಿಗೆ ಒಂದು ಎತ್ತು ಸರಿಯಾಗಿ ಅವನ ಪಾದದ ಮೇಲೆ ಕಾಲಿಟ್ಟು ನಿಂತಿತಂತೆ. ಹೆಬ್ಬೆರಳು ಮುರಿದ ಸದ್ದು ಪಕ್ಕದವರಿಗೂ ಕೇಳಿಸಿತಂತೆ. ತಿರಕಪ್ಪ ಟವೆಲ್ಲಿನ ಕೆಳಗಿನ ಕೈ ಬಿಡದೆ ವ್ಯವಹಾರ ಮುಗಿಸಿ, ಕೊಂಡವನಿಗೆ ಚಹ ಕುಡಿಸಿ, ಆಮೇಲೆ ಕುಂಟುತ್ತ ದವಾಖಾನೆಗೆ ಹೋದನಂತೆ. ಈ ಕಥೆಯನ್ನು ಭರಮವ್ವ ಅವನ ಬಾಯಲ್ಲೇ ಎಷ್ಟು ಸಲ ಕೇಳಿದ್ದಳೆಂದರೆ ನಡುನಡುವೆ ಅವಳಿಗೇ ಕುಂಟಬೇಕು ಅನಿಸುತ್ತಿತ್ತು. ಮೂಕ ದನದ ನೋವನ್ನು ಅವನು ಕಿವಿ ನೋಡಿ, ಕಣ್ಣು ನೋಡಿ, ಗೊರಸು ಊರುವ ರೀತಿ ನೋಡಿ ಹೇಳಬಲ್ಲ. ತನ್ನ ನೋವನ್ನು ಮಾತ್ರ ಇನ್ನೊಬ್ಬರು ನೋಡಿದರೆ ಮಾನ ಹೋಗುತ್ತದೆ. ಬಾಯಿ ಇಲ್ಲದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲೇ ಆಯುಷ್ಯ ಕಳೆದವನು ಕಡೆಗೆ ಬಾಯಿ ಇದ್ದೂ ಎತ್ತಾಗಿ ಕೂತಿದ್ದ.

ಮನೆಗೆ ಮಾತಾಡಿಸಲು ಬರುವವರ ಸಡಗರ ಬೇರೆ. ಬೇನೆ ಬಿದ್ದವರನ್ನು ಮಾತಾಡಿಸಿಕೊಂಡು ಹೋಗದಿದ್ದರೆ ನಾಳೆ ಮುಖ ತೋರಿಸುವುದು ಹೇಗೆ? ಗ್ಲೂಕೋಸ್ ಬಿಸ್ಕಿಟ್ಟು, ಬಾಳೆಹಣ್ಣು ಹಿಡಿದು ಬರುತ್ತಿದ್ದರು. ಅವರು ತಂದ ಬಾಳೆಹಣ್ಣನ್ನು ಅವರಿಗೇ ಕೊಟ್ಟು, ಮೇಲೆ ಚಹ ಕಾಸಿ ಕೊಡುವುದು ಭರಮವ್ವನ ಸೇವೆ. ಕಾಗಿನೆಲೆಯ ಬೀಗ ಬೀರಲಿಂಗಪ್ಪ ಅಂತೂ ಬಂದವನೇ ಕುರ್ಚಿ ಬಿಟ್ಟು ರೋಗಿಯ ಮಂಚದ ಮೇಲೇ ಕೂರುತ್ತಿದ್ದ. ಪ್ರೀತಿ ಜಾಸ್ತಿ, ಮೈಯೂ ಜಾಸ್ತಿ. ಅವನು ಕೂತಾಗೊಮ್ಮೆ ಮಂಚ ಅಲುಗಿ ತಿರಕಪ್ಪನ ತುಟಿಯ ಬಣ್ಣ ಹೋಗುತ್ತಿತ್ತು.

“ಆರಾಮದೀರೇನ್ರಿ ಬೀಗರ?” ಎಂದು ಬೀರಲಿಂಗಪ್ಪ ಕೇಳುತ್ತಿದ್ದ.

“ಆರಾಮದೀನ್ರಿ. ನೀವು ಆರಾಮ?”

“ಆರಾಮ. ನೋವೇನೂ ಇಲ್ಲಲ್ಲ?”

“ಏ, ಅಂಥಾದ್ದೇನಿಲ್ಲ ಬಿಡ್ರಿ.”

ಅಲ್ಲಿಗೆ ರೋಗಿಯ ತಪಾಸಣೆ ಮುಗಿಯಿತು. ಆಮೇಲೆ ಬೀರಲಿಂಗಪ್ಪ ಮೊಬೈಲು ತೆಗೆದು, ಯಾವುದೋ ಎಲೆಯ ರಸ ಕುಡಿದು ಕ್ಯಾನ್ಸರ್ ಕಳೆದುಕೊಂಡವರ ವಿಡಿಯೋ ತೋರಿಸುತ್ತಿದ್ದ. ಆ ವಿಡಿಯೋದಲ್ಲಿ ಎಲ್ಲರಿಗೂ ವಾಸಿಯಾಗಿರುತ್ತಿತ್ತು.

ನರ್ಸು ದ್ರಾಕ್ಷಾಯಿಣಿ ಬರತೊಡಗಿದ್ದು ಆ ದಿನಗಳಲ್ಲೇ. ವಾಸಿಯಾಗದ ರೋಗಿಗಳನ್ನು ಮನೆಗೇ ಬಂದು ನೋಡುವ ಒಂದು ತಂಡದವಳು, ಹಾವೇರಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು. ಬಂದವಳು ಮೊದಲ ದಿನ ಎಲ್ಲರಂತೆ ಆರಾಮವೇ ಎಂದು ಕೇಳಿ, ಎಲ್ಲರಿಗೂ ಸಿಕ್ಕ ಉತ್ತರವನ್ನೇ ಪಡೆದಳು. ಅಷ್ಟಕ್ಕೆ ಎದ್ದು ಹೋಗುವವಳಲ್ಲ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡಳು.

“ಅಜ್ಜಾರ, ನೋವು ಇಲ್ಲಂದ್ರ ಸೊನ್ನಿ. ತಡಕೊಳ್ಳಾಕ ಆಗದಷ್ಟು ಇದ್ರ ಹತ್ತು. ನಿಮ್ಮದು ಎಷ್ಟೈತ್ರಿ?”

ತಿರಕಪ್ಪನ ಕಣ್ಣು ಎಷ್ಟೋ ದಿನದ ಮೇಲೆ ಮಿಂಚಿತು. ಅಂಕಿ ಕೇಳುವವರು ಮನೆ ಬಾಗಿಲಿಗೆ ಬಂದಿದ್ದಾರೆ!

“ಮೊದ್ಲ ನೀವು ಹೇಳ್ರಿ,” ಎಂದ.

“ನಾ ಹೆಂಗ ಹೇಳ್ಲಿ ಅಜ್ಜಾರ? ನೋವು ನಿಮ್ಮದು.”

“ಮಾಲು ನಂದು, ಖರೇ. ಕೇಳಾಕ ಬಂದವ್ರು ನೀವಲ್ಲ? ಕೇಳಾಕ ಬಂದವ್ರು ಮೊದ್ಲ ಹೇಳ್ಬೇಕು.”

ದ್ರಾಕ್ಷಾಯಿಣಿ ಅವನು ಮಂಚದ ಪಟ್ಟಿ ಹಿಡಿದಿದ್ದ ಕೈಯನ್ನು ನೋಡಿ, “ಏಳು ಇರಬಹುದೇನ್ರಿ?” ಎಂದಳು.

ತಿರಕಪ್ಪ ನಕ್ಕ. “ಎರಡು.”

“ಎರಡು ಹೆಂಗಾಗ್ತೈತ್ರಿ? ಮೈ ಎಲ್ಲಾ ಬೆವತೈತಿ. ಐದಂತೂ ಇರಬೇಕು.”

“ನಿಮ್ಮ ಮಾತೂ ಬ್ಯಾಡ, ನಮ್ಮ ಮಾತೂ ಬ್ಯಾಡ. ಎರಡೂವರಿ. ಆಖರಿ.”

ಪಾಪ, ಅವಳು ನರ್ಸಿಂಗ್ ಓದಿದ್ದಳೇ ಹೊರತು ದನ ಮಾರಿರಲಿಲ್ಲ. ಚೀಲದಿಂದ ಒಂದು ಪ್ಲಾಸ್ಟಿಕ್ ಹಾಳೆ ತೆಗೆದಳು. ಅದರಲ್ಲಿ ಸಾಲಾಗಿ ಗುಂಡು ಮುಖಗಳು, ಒಂದು ತುದಿಯದು ನಗುತ್ತಿತ್ತು, ಇನ್ನೊಂದು ತುದಿಯದು ಅಳುತ್ತಿತ್ತು. ಇದರಲ್ಲಿ ನಿಮ್ಮ ಮುಖ ಯಾವುದು ಎಂದು ಕೇಳಿದಳು. ತಿರಕಪ್ಪ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಶ್ರದ್ಧೆಯಿಂದ ನೋಡಿದ. “ಒಂದಕ್ಕೂ ಮೀಸಿ ಇಲ್ಲಲ್ರಿ,” ಎಂದು ವಾಪಸು ಕೊಟ್ಟ.

ಆಮೇಲೆ ಬಂದಾಗೆಲ್ಲ ಇದೇ ಚೌಕಾಸಿ. ದ್ರಾಕ್ಷಾಯಿಣಿ ತನ್ನ ಕಣ್ಣಿಗೆ ಕಂಡದ್ದನ್ನು ಡಾಕ್ಟರರಿಗೆ ಹೇಳಿ ಹೆಚ್ಚಿನ ಮಾತ್ರೆ ಬರೆಸಿ ತಂದಳು. ಎರಡೂವರೆಗೆ ಇಷ್ಟು ದೊಡ್ಡ ಗುಳಿಗೆ ಯಾಕೆಂದು ತಿರಕಪ್ಪ ಅದನ್ನು ದಿಂಬಿನ ಕೆಳಗೆ ಸೇರಿಸಿದ. ಹಾಸಿಗೆ ಕೊಡವುವಾಗ ಭರಮವ್ವನ ಕೈಗೆ ಸಿಕ್ಕ ಮಾತ್ರೆಗಳಿಂದ ಓಣಿಯವರಿಗೆಲ್ಲ ಉಪಚಾರ ಮಾಡಬಹುದಿತ್ತು. ಇನ್ನೊಂದು ಔಷಧ ಇದೆ, ಮಾರ್ಫಿನ್ ಅಂತ, ಎಲುಬಿನ ನೋವಿಗೂ ಅದು ಕೆಲಸ ಮಾಡುತ್ತದೆ, ಆದರೆ ಅಜ್ಜ ಒಪ್ಪಿ ನುಂಗಬೇಕಲ್ಲ ಎಂದು ದ್ರಾಕ್ಷಾಯಿಣಿ ಹೇಳಿದಳು. ಅದರ ಹೆಸರು ಕೇಳಿದ್ದೇ ಬೀರಲಿಂಗಪ್ಪ ಮಂಚದ ಮೇಲಿಂದ ಘೋಷಿಸಿದ.

“ಆ ಗುಳಿಗಿ ಕೊಟ್ರಂದ್ರ ಮುಗೀತು. ಅದು ಕಡೀ ಔಷಧ. ನಮ್ಮ ಬೀಗರಿಗೆ ಅಂಥಾದ್ದೇನು ಬಂದೈತ್ರಿ? ಹುಲಿ ಹಂಗ ಕುಂತಾರ!”

ಹುಲಿ ಬೆವರುತ್ತ ಕೂತಿತ್ತು.

ಎಲ್ಲರೂ ಹೋದ ಮೇಲೆ ಭರಮವ್ವ ಗಂಡನ ಎದುರು ಕೂತಳು. “ಯಾರ ಮುಂದೂ ಹೇಳಬ್ಯಾಡ್ರಿ, ನನ್ನ ಮುಂದರ ಹೇಳ್ರಿ. ಎಷ್ಟೈತಿ?”

“ಹೇಳೇನಲ್ಲ, ಎರಡೂವರಿ.”

“ಎರಡೂವರಿಗೆ ಮನಷ್ಯಾ ಕೌದಿ ಕಡಿತಾನೇನ್ರಿ?”

“ಇಲಿ ಕಡದೈತಿ.”

“ಆ ಇಲಿಗೆ ಎಷ್ಟು ನೋವೈತಂತ? ಅದನ್ನರ ಕೇಳಿ ಹೇಳ್ರಿ!”

ಅವಳಿಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಮದುವೆಯಾದಾಗಿನಿಂದ ಈ ಮುಖದ ಎದುರು ಕೂತು ರೊಟ್ಟಿ ಬಡಿದಿದ್ದಾಳೆ, ಜಗಳ ಆಡಿದ್ದಾಳೆ, ಮಕ್ಕಳನ್ನು ಹೆತ್ತು ತೋರಿಸಿದ್ದಾಳೆ. ಹೋಗುವ ಕಾಲಕ್ಕೂ ತನ್ನನ್ನು ಸಂತೆಯ ಗಿರಾಕಿಯಂತೆ ನೋಡಿದರೆ ಹೇಗೆ? ಉಳಿದ ದಿನ ಎಷ್ಟೋ ಏನೋ, ಅವನ್ನಾದರೂ ಹಲ್ಲು ಕಚ್ಚದೆ ಕಳೆಯಲಿ ಎಂಬುದಷ್ಟೇ ಅವಳ ಆಸೆ. ಆ ಆಸೆಗೆ ಅಡ್ಡ ಕೂತವನು ಬೇರೆ ಯಾರೂ ಅಲ್ಲ, ಅವನೇ.

ಮುಂದಿನ ಸಲ ದ್ರಾಕ್ಷಾಯಿಣಿ ಸ್ಕೂಟರು ಹತ್ತುವ ಮುಂಚೆ ಅಂಗಳದಲ್ಲಿ ನಿಂತು ಕೇಳಿದಳು. “ಅಮ್ಮಾರ, ಅಜ್ಜಾರು ಯಾರ ಮುಂದರ ಮನಸು ಬಿಚ್ಚಿ ಮಾತಾಡ್ತಾರೇನ್ರಿ? ಮಗಾರ ಮುಂದ?”

ಮಗ ಪುಂಡಲೀಕ ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಕೆಲಸಕ್ಕಿದ್ದ. ಅಪ್ಪನ ಮುಂದೆ ಅವನಿಗೇ ಬಾಯಿ ಬರುತ್ತಿರಲಿಲ್ಲ.

“ಎಲ್ಲೀದು ತಗೀ ಯವ್ವಾ,” ಎಂದಳು ಭರಮವ್ವ ಬೇಸರದಿಂದ. “ಆ ಮನಷ್ಯಾ ಹುಟ್ಟಿದಾಗಿಂದ ಖರೇ ಮಾತು ಹೇಳಿದ್ದು ಟವೆಲ್ಲಿನ ಬುಡಕ ಮಾತ್ರ.”

ದ್ರಾಕ್ಷಾಯಿಣಿ ಟವೆಲ್ಲಿನ ಸಂಗತಿ ಏನೆಂದು ವಿಚಾರಿಸಿದಳು. ಭರಮವ್ವ ಬಿಡಿಸಿ ಹೇಳುವಷ್ಟರಲ್ಲಿ ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು. ಆ ಸಂಜೆಯೇ ಪುಂಡಲೀಕನ ಮೊಬೈಲಿನಿಂದ ರಾಣೇಬೆನ್ನೂರಿಗೆ ಫೋನು ಹೋಯಿತು, ಚಮನಸಾಬನಿಗೆ.

ಚಮನಸಾಬ ಮತ್ತು ತಿರಕಪ್ಪ ಜೋಡಿ ದಲ್ಲಾಳಿಗಳು. ಒಬ್ಬ ಮಾರುವವನ ಕಡೆ, ಒಬ್ಬ ಕೊಳ್ಳುವವನ ಕಡೆ ನಿಂತು, ಸಂತೆಯಲ್ಲಿ ಹುಟ್ಟು ವೈರಿಗಳಂತೆ ಬೈದಾಡಿ, ಸಂತೆ ಮುಗಿದ ಮೇಲೆ ಒಂದೇ ತಾಟಿನಲ್ಲಿ ಮಿರ್ಚಿ ತಿನ್ನುವವರು. ದೋಸ್ತನಿಗೆ ಹೀಗಾಗಿದೆ ಎಂದು ತಿಳಿದ ಮೇಲೂ ಅವನು ಬಂದಿರಲಿಲ್ಲ. ಮಂಡಿ ನೋವು, ಬಸ್ಸು ಹತ್ತಲಿಕ್ಕೆ ಆಗುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದ. ಅದೇ ಮಂಡಿಯಲ್ಲಿ ಅವನು ತಪ್ಪದೆ ಸಂತೆಗೆ ಹೋಗುತ್ತಿದ್ದದ್ದು ಭರಮವ್ವನಿಗೆ ಗೊತ್ತಿತ್ತು. ಹೆದರಿದ್ದ, ಅಷ್ಟೇ. ಅವಳು ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. “ನಿಮ್ಮ ದೋಸ್ತ ನರಳಾಕೂ ವಲ್ಲೆ ಅಂತಾರ ಚಮನಣ್ಣ. ನೀವು ಬರ್ರಿ,” ಎಂದಳು.

ನರ್ಸು ಬರುವ ದಿನವೇ, ಅವಳು ಮನೆಯಲ್ಲಿದ್ದಾಗ ಅವನು ಬಂದ. ಮಂಚದ ಹತ್ತಿರದ ಕುರ್ಚಿಯಲ್ಲಿ ಕೂತ. ಬೀರಲಿಂಗಪ್ಪನೂ ಇದ್ದ, ಅವನಿಲ್ಲದೆ ಆ ಮನೆಯಲ್ಲಿ ಏನು ನಡೆಯುತ್ತದೆ? ಓಣಿಯ ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಚಮನಸಾಬ ಆರಾಮವೇ ಎಂದು ಕೇಳಲಿಲ್ಲ.

“ಸಂತಿ ಹಾಳಾತು ಬಿಡಲೇ ತಿರಕ್ಯಾ,” ಎಂದ. “ಎತ್ತು ಕೊಳ್ಳೋವ್ರ ಇಲ್ಲ. ಎಲ್ಲಾರ ಮನಿ ಮುಂದೂ ಟ್ರ್ಯಾಕ್ಟರ್.”

“ಟ್ರ್ಯಾಕ್ಟರಿಗೆ ಹಲ್ಲು ನೋಡಿ ವಯಸ್ಸು ಹೇಳಾಕ ಬರಂಗಿಲ್ಲ,” ಎಂದ ತಿರಕಪ್ಪ.

“ಮೇವಿನ ರೇಟು ಕೇಳೀಯೇನ? ಮುಗಲಿಗೆ ಹೋಗೈತಿ.”

ಹೀಗೆ ಅನ್ನುತ್ತಲೇ ಚಮನಸಾಬ ಹೆಗಲ ಮೇಲಿನ ಟವೆಲ್ಲು ತೆಗೆದು, ಬಹಳ ಸಹಜವಾಗಿ, ತಿರಕಪ್ಪನ ಕೈ ಮೇಲೆ ಹಾಕಿ ತನ್ನ ಕೈಯನ್ನು ಒಳಗೆ ತೂರಿಸಿದ. ತಿರಕಪ್ಪ ಒಮ್ಮೆ ಅವನ ಮುಖ ನೋಡಿದ. ಬಾಗಿಲಲ್ಲಿದ್ದ ಹೆಂಗಸರು, ದಲ್ಲಾಳಿಯ ಓಣಿಯವರಾದ್ದರಿಂದ, ತಾವಾಗಿಯೇ ಬೇರೆ ಕಡೆ ತಿರುಗಿದರು. ಬೀರಲಿಂಗಪ್ಪ ಮಾತ್ರ ಕತ್ತು ಉದ್ದ ಮಾಡಿದ.

“ಈ ಸಲ ಗೋವಿನಜೋಳ ಹೆಂಗ?” ಎಂದ ತಿರಕಪ್ಪ.

“ತೆನಿ ಚಲೋ ಕಟ್ಟೈತಿ,” ಎಂದ ಚಮನಸಾಬ.

ಟವೆಲ್ಲು ಒಂದು ಸಲ ಅಲುಗಿತು. ನಿಂತಿತು. ಮತ್ತೆ ಅಲುಗಿತು. ಭರಮವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಗಂಡನ ಮುಖ ನೋಡಲಿಲ್ಲ, ಅದರಲ್ಲಿ ಏನೂ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತು. ಚಮನಸಾಬನ ಮುಖ ನೋಡಿದಳು. ಅದೂ ಪಳಗಿದ ಮುಖವೇ. ಆದರೆ ನೋಡನೋಡುತ್ತ ಅದರ ಗಲ್ಲ ನಡುಗಿತು, ಗಡ್ಡ ಒದ್ದೆಯಾಯಿತು.

“ಒಂಬತ್ತು,” ಎಂದ ಚಮನಸಾಬ. ಬಾಯಿ ಬಿಟ್ಟು, ಎಲ್ಲರಿಗೂ ಕೇಳುವಂತೆ. “ಸಿಸ್ಟರ್, ಒಂಬತ್ತು ಐತ್ರಿ.”

ತಿರಕಪ್ಪನ ಮುಖ ಕೆಂಪಾಯಿತು. ಟವೆಲ್ಲನ್ನು ಕಿತ್ತು ಎಸೆದ.

“ಟವೆಲ್ಲಿನಾಗಿನ ಮಾತು ಬಾಯಾಗ ತಂದ್ಯಾ? ದಲಾಲನ ಹೊಟ್ಯಾಗ ಹುಟ್ಟೀಯೇನ ನೀ? ಎದ್ದು ಹೊರಗ ನಡಿ!”

“ಬೈ. ಎಷ್ಟು ಬೈತಿ ಬೈ,” ಎಂದ ಚಮನಸಾಬ ಕಣ್ಣೊರೆಸಿಕೊಳ್ಳುತ್ತ. “ಇಷ್ಟು ನೋವಿದ್ದ ಎತ್ತನ್ನ ಯಾವನರ ಸಂತಿಗೆ ಹೊಡಕೊಂಡು ಬಂದಿದ್ರ ನೀನ ಅವನ್ನ ಒದೀತಿದ್ದಿ. ನಿನ್ನ ನೀ ಹಿಂಗ ನಿಂದ್ರಿಸೀಯಲ್ಲಲೇ.”

ಬೈಗುಳ ಇನ್ನೂ ಒಂದಷ್ಟು ಇತ್ತು. ಆದರೆ ಎದ್ದು ಕೂರಲು ಹೋದ ತಿರಕಪ್ಪನ ಬಾಯಿಂದ ಬೈಗುಳದ ಬದಲು ಒಂದು ನರಳಿಕೆ ಬಂತು. ಭರಮವ್ವ ಆ ಸದ್ದನ್ನು ಜೀವನದಲ್ಲಿ ಮೊದಲ ಸಲ ಕೇಳಿದಳು. ಅವಳಿಗೆ ಎದೆ ಒಡೆದಂತೆಯೂ ಆಯಿತು, ಹಗುರವೂ ಆಯಿತು.

ದ್ರಾಕ್ಷಾಯಿಣಿ ಎಲ್ಲರನ್ನೂ ಹೊರಗೆ ಕಳಿಸಿದಳು. ಬೀರಲಿಂಗಪ್ಪ ಹೊಸ್ತಿಲಲ್ಲೇ ತಿರುಗಿ, “ಕಡೀ ಔಷಧ ಮಾತ್ರ ಬ್ಯಾಡ ನೋಡ್ರಿ,” ಎಂದ.

“ಬೀಗರ, ಮೊದ್ಲ ನೀವು ಮಂಚಾ ಬಿಟ್ಟು ಕುಂದ್ರೂದು ಕಲೀರಿ. ಅರ್ಧಾ ನೋವು ಅದರಾಗ ಹೋಗ್ತೈತಿ,” ಎಂದಳು ಭರಮವ್ವ. ಬೀಗರಿಗೆ ಹೀಗೆ ಅನ್ನಬಾರದು. ಅಂದಳು.

ಡಾಕ್ಟರರ ಜೊತೆ ಫೋನಿನಲ್ಲಿ ಮಾತಾಯಿತು. ಇದು ಸಾಯುವವರಿಗೆ ಕೊಡುವ ಔಷಧ ಅಲ್ಲ, ನೋವಿರುವವರಿಗೆ ಕೊಡುವ ಔಷಧ ಎಂದು ದ್ರಾಕ್ಷಾಯಿಣಿ ಸಮಾಧಾನದಿಂದ ತಿಳಿಸಿ ಹೇಳಿದಳು. ಸಣ್ಣ ಪ್ರಮಾಣದಿಂದ ಶುರು, ನೋವು ಬರಲಿ ಎಂದು ಕಾಯದೆ ಹೊತ್ತು ಹೊತ್ತಿಗೆ ಕೊಡಬೇಕು, ಮಲ ಕಟ್ಟದಂತೆ ಜೊತೆಗೊಂದು ಔಷಧ. ಪುಂಡಲೀಕ ಹಾವೇರಿಗೆ ಹೋದ. ಮರ್ಯಾದೆ ಹೇಗೂ ಸಂತೆಗೆ ಬಿದ್ದಿತ್ತು, ತಿರಕಪ್ಪನಿಗೆ ಇನ್ನು ಕಾಯುವುದಕ್ಕೆ ಏನೂ ಉಳಿದಿರಲಿಲ್ಲ. ಸುಮ್ಮನೆ ಒಪ್ಪಿಕೊಂಡ.

ಹೊರಡುವ ಮುಂಚೆ ದ್ರಾಕ್ಷಾಯಿಣಿ ಅವನನ್ನು ಮೆಲ್ಲಗೆ ಹೊರಳಿಸಿ, ಬೆನ್ನ ಕೆಳಗಿನ ಭಾಗವನ್ನು ಮುಟ್ಟಿಯೂ ಮುಟ್ಟದಂತೆ ತೋರಿಸಿ ಭರಮವ್ವನಿಗೆ ಹೇಳಿದಳು. “ಅಮ್ಮಾರ, ರೋಗ ಇಲ್ಲೇ ಎಲುಬಿಗೆ ಹತ್ತೈತಿ. ಎಲುಬು ಮೆತ್ತಗಾಗಿರ್ತೈತ್ರಿ. ಇಲ್ಲಿ ಒತ್ತೂದು, ತಿಕ್ಕೂದು ಮಾಡಬ್ಯಾಡ್ರಿ.”

ಭರಮವ್ವ ತಲೆಯಾಡಿಸಲಿಲ್ಲ. ತನ್ನ ಕೈಗಳನ್ನು ನೋಡಿಕೊಂಡಳು. ಹುಬ್ಬಳ್ಳಿಯಿಂದ ಬಂದಾಗಿನಿಂದ ಪ್ರತಿದಿನ ಬೆಳಿಗ್ಗೆ ಅವಳು ಔಡಲೆಣ್ಣೆ ಬೆಚ್ಚಗೆ ಮಾಡಿ, ಗಂಡನನ್ನು ಬೋರಲು ಮಲಗಿಸಿ, ಸರಿಯಾಗಿ ಅದೇ ಜಾಗವನ್ನು ತಿಕ್ಕುತ್ತಿದ್ದಳು. ರೊಟ್ಟಿ ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈ. ಡಾಕ್ಟರರ ಕೈಲಿ ಆಗದ್ದು ತನ್ನ ಕೈಲಿ ಆದೀತು ಎಂಬ ಹಟದಿಂದ ಮೈಭಾರವೆಲ್ಲ ಹಾಕಿ ತಿಕ್ಕಿದ್ದಳು. “ಹಾಂ, ಅಲ್ಲೇ, ಚಲೋ ಅನಸ್ತೈತಿ,” ಎಂದು ಅವನು ಅನ್ನುತ್ತಿದ್ದ. ಆ ಮಾತು ಕೇಳಿ ಅವಳು ಇನ್ನೂ ಜೋರು ಮಾಡುತ್ತಿದ್ದಳು. ತನ್ನ ಕೈಗುಣದ ಬಗ್ಗೆ ಓಣಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದಳು.

ಔಷಧ ಹತ್ತಿತು. ಎರಡು ಮೂರು ದಿನ ತಿರಕಪ್ಪ ಬರೀ ಮಲಗಿದ. ಬೀರಲಿಂಗಪ್ಪ ಫೋನು ಮಾಡಿ, ನಾ ಹೇಳಿರಲಿಲ್ಲವೇ ಎಂದ. ನಂತರ ತಿರಕಪ್ಪ ಎದ್ದು ಕೂತು ಹಸಿವು ಎಂದ. ಪಲ್ಯಕ್ಕೆ ಉಪ್ಪಿಲ್ಲ ಎಂದು ಗೊಣಗಿದ. ಯಾರ ಸಹಾಯವೂ ಇಲ್ಲದೆ ಮಗ್ಗುಲಾದ. ದ್ರಾಕ್ಷಾಯಿಣಿ ಬಂದು ಕೇಳಿದಾಗ ಚೌಕಾಸಿ ಇಲ್ಲದೆ “ಮೂರು” ಎಂದ. ಇದು ಯಾವ ಮೂರೋ ಎಂಬ ಅನುಮಾನದಿಂದ ಅವಳು ಭರಮವ್ವನ ಕಡೆ ನೋಡಿದಳು. ಭರಮವ್ವ ಹೌದೆಂದು ಕಣ್ಣಲ್ಲೇ ಹೇಳಿದಳು. ಚಮನಸಾಬನ ಹೆಸರೆತ್ತಿದರೆ ಮಾತ್ರ ಇನ್ನೂ ಬೆಂಕಿ. ಆ ಬಾಯಿಬಡುಕ ಈ ಮನೆಯ ಹೊಸ್ತಿಲು ತುಳಿಯಬಾರದು ಎನ್ನುತ್ತಿದ್ದ, ಹಾಗೆನ್ನುತ್ತಲೇ ರಾಣೇಬೆನ್ನೂರು ಬಸ್ಸು ಬಂತೇ ಎಂದು ಪುಂಡಲೀಕನನ್ನು ಕೇಳುತ್ತಿದ್ದ.

ಭರಮವ್ವ ಮಾತ್ರ ಆ ದಿನಗಳಲ್ಲಿ ಸರಿಯಾಗಿ ಉಣ್ಣಲಿಲ್ಲ. ಎಣ್ಣೆಯ ಬಟ್ಟಲನ್ನು ತೊಳೆದು ಮೇಲಿನ ಗೂಡಿನಲ್ಲಿ ಕಾಣದ ಹಾಗೆ ಇಟ್ಟಳು. ಬೆಳಗಾದರೆ ಕೈಗೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಮಂಚದ ಪಕ್ಕ ನೆಲದ ಮೇಲೆ ಕೂತು ಕೇಳಿಯೇಬಿಟ್ಟಳು.

“ಖರೇ ಹೇಳ್ರಿ. ನಾ ತಿಕ್ಕುವಾಗ ಎಷ್ಟಿರ್ತಿತ್ತು?”

ತಿರಕಪ್ಪ ಅವಳನ್ನು ನೋಡಿದ. ಅವನ ಮುಖ ಕಲ್ಲಾಯಿತು, ಸಂತೆಯಲ್ಲಿ ಎಂಥೆಂಥವರನ್ನೋ ಸೋಲಿಸಿದ ಆ ಹಳೆಯ ಮುಖ.

“ಸೊನ್ನಿ,” ಎಂದ.

ಭರಮವ್ವ ಬಹಳ ಹೊತ್ತು ಆ ಮುಖವನ್ನೇ ನೋಡಿದಳು. ತಿರಕಪ್ಪ ಇಡೀ ಆಯುಷ್ಯದಲ್ಲಿ ಇಷ್ಟು ದೊಡ್ಡ ಸುಳ್ಳು ಯಾರಿಗೂ ಮಾರಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ಅವಳು ಚೌಕಾಸಿ ಮಾಡಲಿಲ್ಲ.

“ಬೆನ್ನು ಬ್ಯಾಡ ಅಂತಂದಾರ ಸಿಸ್ಟರು,” ಎಂದ ಅವನು ಗೋಡೆಯ ಕಡೆ ಮುಖ ಮಾಡಿ. “ಪಾದಕ್ಕೇನೂ ಆಗಿಲ್ಲ ನೋಡು. ಪಾದಕ್ಕ ಹಚ್ಚು.”

ಭರಮವ್ವ ಎಣ್ಣೆ ಬೆಚ್ಚಗೆ ಮಾಡಲು ಒಳಗೆ ಹೋದಳು. ಒಲೆಯ ಮುಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮುಖ ತೊಳೆದು, ಬಟ್ಟಲು ಹಿಡಿದು ಹೊರಗೆ ಬಂದಾಗ ಅವನು ಆಗಲೇ ಕೌದಿಯಿಂದ ಎರಡೂ ಕಾಲು ಹೊರಗೆ ಚಾಚಿಕೊಂಡಿದ್ದ.